ದತ್ತು ಮರಿಯ ಜೊತೆ ಒಂದು ಚೀಟಿಯೂ ಬರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಯಿಮರಿಗಳ ದತ್ತು ಶಿಬಿರದ ಫೋಟೊ ಬಂದಿತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಆರು ಮರಿಗಳು, ಒಂದನ್ನು ಎದೆಗೆ ಅವಚಿಕೊಂಡು ನಿಂತ ಶಾಲೆಯ ಹುಡುಗಿ. ಆ ಮಗುವಿನ ಮುಖ ನೋಡಿ ನನಗೂ ಖುಷಿಯಾಯಿತು. ಆದರೆ ಕಣ್ಣು ಮರಿಯ ಹೊಟ್ಟೆಯ ಮೇಲೆ ನಿಂತುಬಿಟ್ಟಿತು. ಪಕ್ಕೆಲುಬು ಎಣಿಸುವಂಥ ಬಡಕಲು ಮೈ, ಹೊಟ್ಟೆ ಮಾತ್ರ ತಮಟೆಯ ಹಾಗೆ ಬಿಗಿದುಕೊಂಡಿದೆ. ಎರಡು ವರ್ಷದ ಹಿಂದಾಗಿದ್ದರೆ ನಾನೂ ‘ಎಷ್ಟು ಗುಂಡಗಿದೆ’ ಅಂತ ಮುದ್ದು ಮಾಡುತ್ತಿದ್ದೆ. ಈಗ ಹಾಗೆ ಕಾಣುವುದಿಲ್ಲ. ಅಂಥ ಹೊಟ್ಟೆ ಕಂಡರೆ ಮೊದಲು ಜಂತುಹುಳುವಿನ ಯೋಚನೆ ಬರುತ್ತದೆ. ಎಷ್ಟು ಮರಿಗಳಿಗೆ ಮನೆ ಸಿಕ್ಕಿತು, ಯಾರು ಉದ್ಘಾಟಿಸಿದರು ಎಂದೆಲ್ಲ ವರದಿಯಲ್ಲಿತ್ತು. ಒಬ್ಬ ಪಶುವೈದ್ಯರಾದರೂ ಆ ಮರಿಗಳನ್ನು ಮುಟ್ಟಿ ನೋಡಿದರೇ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಅರಸೀಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ಮನೆಯವರು ಗೂಡ್ಸ್ ಆಟೊ ಓಡಿಸುತ್ತಾರೆ. ಮಗಳ ಹಟಕ್ಕೆ ಎರಡು ವರ್ಷದ ಹಿಂದೆ ಬೇರೆ ಊರಿನ ಇಂಥದ್ದೇ ಶಿಬಿರದಿಂದ ಒಂದು ಕೆಂದು ಬಣ್ಣದ ಗಂಡುಮರಿ ತಂದೆವು. ಕೆಂಚ ಅಂತ ಹೆಸರಿಟ್ಟೆವು. ಒಂದೂವರೆ ತಿಂಗಳಿನದು ಅಂದರು. ‘ಲಸಿಕೆ ಆಗಿದೆ’ ಅಂದರು. ಯಾವ ಲಸಿಕೆ, ಯಾವತ್ತು, ಯಾರು ಹಾಕಿದ್ದು ಎಂದು ಕೇಳಬೇಕೆಂಬ ತಿಳಿವಳಿಕೆ ನಮಗಿರಲಿಲ್ಲ. ಹೇಳಬೇಕೆಂಬ ಕಾಳಜಿ ಅವರಿಗಿರಲಿಲ್ಲ.

ಭಾನುವಾರ ಮನೆಗೆ ತಂದದ್ದು. ಅವತ್ತೇ ಸೋಪು ಹಾಕಿ ಸ್ನಾನ ಮಾಡಿಸಿದೆವು. ಹಸುವಿನ ಹಾಲು ಬಟ್ಟಲು ತುಂಬ ಇಟ್ಟೆವು. ಸಂಜೆಗೆ ಓಣಿಯ ಮಕ್ಕಳೆಲ್ಲ ಬಂದು ಎತ್ತಿಕೊಂಡರು. ಬುಧವಾರ ಮರಿ ಮಂಕಾಯಿತು, ಭೇದಿ ಶುರುವಾಯಿತು. ಹಾಲು ಹಿಡಿಸಿಲ್ಲ ಅಂದುಕೊಂಡೆವು. ನಾಯಿಮರಿಗೆ ಹಸುವಿನ ಹಾಲು ಹಿಡಿಸದಿರುವುದು ಸಾಮಾನ್ಯವೇ, ಹಾಗಾಗಿ ಅನುಮಾನವೇ ಬರಲಿಲ್ಲ. ನಮ್ಮತ್ತೆ ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸಿದರು. ಶಿಬಿರದವರಿಗೆ ಫೋನ್ ಮಾಡಿದರೆ ‘ಜಾಗ ಬದಲಾಗಿದೆಯಲ್ಲ, ಸರಿಹೋಗುತ್ತೆ’ ಅಂದರು. ಗುರುವಾರ ವಾಂತಿ. ಶುಕ್ರವಾರ ಬೆಳಗ್ಗೆ ನೋಡುತ್ತೇನೆ, ಗೋಣಿಚೀಲದ ಮೇಲೆಲ್ಲ ರಕ್ತ. ಆ ವಾಸನೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಆಟೊದಲ್ಲಿ ಹಾಕಿಕೊಂಡು ಒಂದು ಖಾಸಗಿ ಕ್ಲಿನಿಕ್ಕಿಗೆ ಓಡಿದೆವು. ಡಾಕ್ಟರು ಹತ್ತಿಯ ಕಡ್ಡಿಯಲ್ಲಿ ಮಲದ ಮಾದರಿ ತೆಗೆದು ಒಂದು ಪುಟ್ಟ ಕಿಟ್‌ಗೆ ಹನಿ ಹಾಕಿದರು. ಹತ್ತು ನಿಮಿಷಕ್ಕೆ ಎರಡು ಗೆರೆ ಮೂಡಿದವು. ಪಾರ್ವೊ, ನಾಯಿಮರಿಗಳ ಕರುಳನ್ನು ಹಿಡಿಯುವ ವೈರಸ್ ಕಾಯಿಲೆ. ಸಾಮಾನ್ಯವಾಗಿ ಸೋಂಕು ತಗುಲಿ ಮೂರರಿಂದ ಏಳು ದಿನಕ್ಕೆ ಲಕ್ಷಣ ಕಾಣುತ್ತದಂತೆ. ‘ನೀವು ತರುವಾಗಲೇ ಮೈಯಲ್ಲಿ ಇದ್ದಿರಬೇಕಮ್ಮ’ ಅಂದರು. ಮುಂಗಾಲಿಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು, ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟರು. ವೈರಸ್ಸನ್ನೇ ಕೊಲ್ಲುವಂಥ ಔಷಧಿ ಬಳಕೆಯಲ್ಲಿಲ್ಲ, ನೀರಿನಂಶ ಕಾಪಾಡಿಕೊಂಡು ಮರಿ ತಾನೇ ಗೆಲ್ಲುವ ತನಕ ಕಾಯಬೇಕು ಅಂದರು. ಮೂರು ದಿನ ಬೆಳಗ್ಗೆ ಸಂಜೆ ಹೋದೆವು, 6,400 ರೂಪಾಯಿ ಖರ್ಚಾಯಿತು. ಸೋಮವಾರ ನಸುಕಿನಲ್ಲಿ ಕೆಂಚ ಮಗಳ ತೊಡೆಯ ಮೇಲೆ ತಣ್ಣಗಾದ. ಎರಡು ದಿನ ಮುಂಚೆ ಕರೆತಂದಿದ್ದರೆ ಉಳಿಯುತ್ತಿತ್ತೇನೋ ಎಂಬ ಮಾತನ್ನು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ. ಅವರು ಹೇಳದಿದ್ದರೂ ನಮಗೆ ತಿಳಿಯಿತು.

ಆಮೇಲೆ ಅವರು ಕೂರಿಸಿಕೊಂಡು ವಿವರಿಸಿದ್ದನ್ನು ನಿಮ್ಮ ಓದುಗರಿಗೂ ತಿಳಿಸಬೇಕು. ಮರಿಗೆ ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಕೆಲವು ವಾರ ಇರುತ್ತದೆ. ಅದು ಇರುವ ತನಕ ನಾವು ಹಾಕಿಸುವ ಲಸಿಕೆಯನ್ನೂ ಅದು ತಡೆದುಬಿಡುತ್ತದೆ. ಅದು ಯಾವ ಮರಿಗೆ ಯಾವ ವಾರ ಇಳಿಯುತ್ತದೆಂದು ಹೇಳಲಾಗುವುದಿಲ್ಲ. ಅದಕ್ಕೇ ಪಾರ್ವೊ, ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ಕಾಯಿಲೆ ಎಲ್ಲ ಸೇರಿದ ಚುಚ್ಚುಮದ್ದನ್ನು ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16 ವಾರ ತುಂಬುವ ತನಕ ಹಾಕಿಸಬೇಕು. ರೇಬಿಸ್ ಲಸಿಕೆ ಬೇರೆ, ಅದು ಮೂರು ತಿಂಗಳಿಗೆ. ‘ಲಸಿಕೆ ಆಗಿದೆ’ ಎಂಬ ಎರಡು ಪದದಲ್ಲಿ ಇದ್ಯಾವುದೂ ತಿಳಿಯುವುದಿಲ್ಲ. ಜಂತುಹುಳದ ಔಷಧಿಯೂ ಒಮ್ಮೆ ಕುಡಿಸಿದರೆ ಮುಗಿಯಲಿಲ್ಲ. ಮೂರು ತಿಂಗಳ ತನಕ 15 ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ, ಅದೂ ತೂಕ ನೋಡಿ.

ಇನ್ನೊಂದು ಮಾತು ಹೇಳಿದರು, ಅದು ನಮ್ಮ ಎದೆ ಒಡೆಯಿತು. ಈ ವೈರಸ್ ನೆಲದಲ್ಲಿ, ಗೋಣಿಯಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಾವು ಫಿನಾಯಿಲ್ ಹಾಕಿ ಮೂರು ಸಲ ತೊಳೆದಿದ್ದೆವು, ಅದಕ್ಕೆ ಇದು ಜಗ್ಗುವುದಿಲ್ಲವಂತೆ. ಒಂದು ಪಾಲು ಬ್ಲೀಚ್ ದ್ರವಕ್ಕೆ 30 ಪಾಲು ನೀರು ಬೆರೆಸಿ, ಮೊದಲೇ ತೊಳೆದ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಬೇಕು. ಮಣ್ಣಿಗೆ ಅದೂ ನಾಟುವುದಿಲ್ಲ. ‘ಒಂದು ವರ್ಷ ಈ ಮನೆಗೆ ಲಸಿಕೆ ಪೂರ್ತಿಯಾಗದ ಮರಿ ತರಬೇಡಿ’ ಅಂದರು. ಅಂದರೆ ಆ ಶಿಬಿರದಿಂದ ಅವತ್ತು ಹೋದ ಮರಿಗಳಲ್ಲಿ ಇನ್ನೂ ಎಷ್ಟು ಮನೆಯ ಅಂಗಳಕ್ಕೆ ಇದು ಹೋಗಿರಬಹುದು? ಶಿಬಿರದವರಿಗೆ ಮತ್ತೆ ಫೋನ್ ಮಾಡಿ, ಬೇರೆಯವರಿಗೆ ತಿಳಿಸಿ ಅಂತ ಬೇಡಿಕೊಂಡೆ. ಯಾರು ಯಾವ ಮರಿ ಒಯ್ದರೆಂದು ಬರೆದಿಟ್ಟುಕೊಂಡಿಲ್ಲ ಅಂದರು.

ನಾನು ಒಂದು ರವಿಕೆ ಹೊಲಿಯಲು ತೆಗೆದುಕೊಂಡರೂ ಚೀಟಿ ಬರೆಯುತ್ತೇನೆ. ಹೆಸರು, ಫೋನ್ ನಂಬರು, ಅಳತೆ, ಕೊಡುವ ತಾರೀಕು. ಚೀಟಿಯ ಅರ್ಧ ಅವರಿಗೆ, ಅರ್ಧ ನನ್ನ ಪುಸ್ತಕಕ್ಕೆ. ಬಟ್ಟೆಗೆ ಇಷ್ಟು ಮಾಡುವಾಗ ಉಸಿರಾಡುವ ಜೀವವನ್ನು ಬರಿಗೈಯಲ್ಲಿ ಹೇಗೆ ದಾಟಿಸುತ್ತಾರೆ?

ಮರಿ ತರಬೇಡಿ ಎಂದ ಡಾಕ್ಟರ ಮಾತು ನೆನಪಿಟ್ಟುಕೊಂಡೇ ಮರು ವರ್ಷ ಮರಿಯ ಬದಲು ಬೆಳೆದ ನಾಯಿ ತಂದೆವು. ಕೊಬ್ಬರಿ ಮಂಡಿಯ ಹತ್ತಿರ ಬೈಕ್ ತಾಗಿ ಕುಂಟುತ್ತಿದ್ದ ಹೆಣ್ಣುನಾಯಿ, ನಮ್ಮೆಜಮಾನರ ಆಟೊ ಕಂಡರೆ ಸಾಕು ಬಾಲ ಆಡಿಸಿಕೊಂಡು ಬರುತ್ತಿತ್ತು. ಗೌರಿ ಅಂತ ಕರೆದೆವು. ಈ ಸಲ ಮನೆಗೆ ತರಲಿಲ್ಲ. ಮಂಡಿಯಿಂದ ನೇರವಾಗಿ 40 ಕಿಲೋಮೀಟರಿಗೂ ದೂರದ ಹಾಸನಕ್ಕೆ, ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರಮ್ಮ ಕುಂಟುವ ಕಾಲು ಮುಟ್ಟಲೇ ಇಲ್ಲ ಮೊದಲು. ತುಟಿ ಎತ್ತಿ ವಸಡು ನೋಡಿದರು. ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗಕ್ಕೆ ಕೆಂಪು ಮರಳಿ ಬರಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದಂತೆ. ಗೌರಿಗೆ ಬರಬೇಕಾದ ಕೆಂಪೇ ಇರಲಿಲ್ಲ, ವಸಡು ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು. ಜ್ವರ 104. ನಾಯಿಗೆ 101ರಿಂದ 102.5 ಸಹಜ, ಹಾಗಾಗಿ ಮೈ ಮುಟ್ಟಿ ಬಿಸಿ ಎಂದು ನಾವು ಹೇಳುವ ಲೆಕ್ಕ ಕೆಲಸಕ್ಕೆ ಬಾರದು. ಆಮೇಲೆ ಕಿವಿ ಮಗುಚಿದರು. ಒಳಗೆ ಹರಳು ಬೀಜ ಸುರಿದ ಹಾಗೆ ಉಣ್ಣೆಗಳು, ಕಾಲ್ಬೆರಳ ಸಂದಿಯಲ್ಲೂ ಅವೇ. ರಕ್ತ ತೆಗೆದು ನೋಡಿದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್ 38,000. ಎರಡು ಲಕ್ಷದ ಸುಮಾರಾದರೂ ಇರಬೇಕಿತ್ತು. ಉಣ್ಣೆ ಕಚ್ಚಿ ಬರುವ ಉಣ್ಣೆ ಜ್ವರ. ಹೊರಗೆ ಕುಂಟು ಮಾತ್ರ ಕಾಣುತ್ತಿತ್ತು, ಒಳಗೊಳಗೇ ರಕ್ತ ಕರಗುತ್ತಿತ್ತು. ಬೀದಿಯಲ್ಲಿದ್ದ ಹೆಣ್ಣುನಾಯಿ ಎಂದು ಹಿಂಭಾಗದಲ್ಲಿ ರಕ್ತ ಸೋರುವ ಗಡ್ಡೆ ಇದೆಯೇ ಎಂದೂ ನೋಡಿದರು. ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಗಡ್ಡೆಯಂತೆ ಅದು. ಗೌರಿಗೆ ಇರಲಿಲ್ಲ. ಇದ್ದರೂ ವಾರಕ್ಕೊಂದರಂತೆ ಕೆಲವು ಇಂಜೆಕ್ಷನ್ ಕೊಟ್ಟರೆ ಬಹುಮಟ್ಟಿಗೆ ಕರಗುತ್ತದೆ ಅಂದರು. ಇಂಥ ಗಡ್ಡೆ ಕಂಡು ಅಸಹ್ಯಪಟ್ಟು ಹೊಡೆದೋಡಿಸುವವರನ್ನು ನಾನೇ ನೋಡಿದ್ದೇನೆ, ಅದಕ್ಕೆ ಹೇಳಿದೆ.

ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ, ಹಾಲಿನ ಜೊತೆ ಕೊಟ್ಟರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅನ್ನದ ಉಂಡೆಯೊಳಗೆ ಇಟ್ಟು ನುಂಗಿಸಿದೆ. ಐದನೇ ದಿನಕ್ಕೇ ಅವಳು ಎದ್ದು ಓಡಾಡಿದಳು, ಮನೆಯವರು ಇನ್ನು ಸಾಕಲ್ಲ ಅಂದರು. ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ 28 ಮುಗಿಸಿದೆ. ಉಣ್ಣೆ ನಾಯಿಯ ಮೈಮೇಲಷ್ಟೇ ಇರುವುದಿಲ್ಲ, ಗೋಡೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ ಎಂದು ತಿಳಿದ ಮೇಲೆ ಜಗಲಿಯ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿಸಿದೆವು.

ಸಂತಾನಹರಣ ಶಸ್ತ್ರಚಿಕಿತ್ಸೆಗೂ ಲಸಿಕೆಗೂ ಅವತ್ತು ಡಾಕ್ಟರಮ್ಮ ಒಪ್ಪಲಿಲ್ಲ. ಪ್ಲೇಟ್‌ಲೆಟ್ ಇಷ್ಟು ಇಳಿದಾಗ ಕತ್ತರಿ ಇಟ್ಟರೆ ರಕ್ತ ನಿಲ್ಲುವುದಿಲ್ಲ, ಮೈ ಸೋತಾಗ ಚುಚ್ಚಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ವಾಸಿಯಾದ ಮೇಲೆ ರೇಬಿಸ್ ಚುಚ್ಚುಮದ್ದು, ಎರಡು ತಿಂಗಳ ಮೇಲೆ ಆಪರೇಷನ್. ಅಲ್ಲಿಯ ತನಕ ಗೌರಿಯ ಹಲ್ಲೋ ಉಗುರೋ ಚರ್ಮ ಒಡೆಯುವಂತೆ ತಾಗಿದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ, ‘ನಮ್ಮ ನಾಯಿ ತಾನೆ’ ಎಂದು ಕೂರಬೇಡಿ ಅಂತ ಮಗಳಿಗೇ ನೇರವಾಗಿ ಹೇಳಿದರು. ಹಿಂದೆ ಏನು ಕಚ್ಚಿತ್ತೋ ಗೊತ್ತಿಲ್ಲದ ನಾಯಿಯ ವಿಷಯದಲ್ಲಿ ಇದು ಪ್ರೀತಿ ಕಡಿಮೆಯಾಗುವ ಮಾತಲ್ಲ.

ಮರಿಗಳಿಗೆ ಬೇಕಾದ ಪಾರ್ವೊ, ಡಿಸ್ಟೆಂಪರ್ ಲಸಿಕೆ ನಾನು ಕೇಳಿದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇರಲಿಲ್ಲ. ರೇಬಿಸ್ ಲಸಿಕೆಯನ್ನು ಸೆಪ್ಟೆಂಬರ್ 28ರ ರೇಬಿಸ್ ದಿನಕ್ಕೆ ಉಚಿತವಾಗಿ ಹಾಕುತ್ತೇವೆ, ಉಳಿದದ್ದು ಹೊರಗಿನಿಂದ ತನ್ನಿ ಎಂದರು. ಗೌರಿಗೆಂದು ನಾನು ಆ ಉಳಿದ ಲಸಿಕೆಯನ್ನು ಔಷಧಿ ಅಂಗಡಿಯಿಂದ ಥರ್ಮಾಸ್‌ನಲ್ಲಿ ಐಸ್ ಹಾಕಿಕೊಂಡು ಬಸ್ಸಿನಲ್ಲಿ ತಂದೆ, 2ರಿಂದ 8 ಡಿಗ್ರಿಯೊಳಗೆ ಇರಬೇಕೆಂದು. ಕೂಲಿ ಬಿಟ್ಟು ಬರುವವರು ಇದನ್ನು ಮೂರು ಸಲ ಮಾಡುತ್ತಾರೆಯೇ? ತಾಲ್ಲೂಕು ಆಸ್ಪತ್ರೆಗಳ ಫ್ರಿಜ್ಜಿನಲ್ಲಿ ಈ ಲಸಿಕೆ, ಜೊತೆಗೆ ಪಾರ್ವೊ ಪರೀಕ್ಷೆಯ ಕಿಟ್ ಇಡುವಂತೆ ಪಶುಪಾಲನಾ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ದುಡ್ಡು ತೆಗೆದುಕೊಂಡೇ ಹಾಕಲಿ, ತಕರಾರಿಲ್ಲ.

ಈಗ ಈ ಮಾತಿಗೆ ಇನ್ನೂ ಅವಸರವಿದೆ. ಬೀದಿನಾಯಿಯನ್ನು ಸಾಕಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಹಾಗಾದರೆ ಖಾಸಗಿ ಶಿಬಿರಗಳು ಮಾತ್ರವಲ್ಲ, ನಮ್ಮ ಪುರಸಭೆ ನಗರಸಭೆಗಳೂ ನಾಯಿ ಕೊಡುವವರಾಗುತ್ತಾರೆ. ನಾಯಿ ಮತ್ತೆ ಬೀದಿಗೆ ಬೀಳುವುದು ಬಹಳ ಸಲ ಕಾಯಿಲೆಯ ದಿನವೇ. ಉಣ್ಣೆ ಕಂಡಾಗ, ಭೇದಿ ಶುರುವಾದಾಗ, ಬಿಲ್ ನೋಡಿದಾಗ. ಸಾಕುವವರ ಮೇಲೆ ಹೊಣೆ ಹೊರಿಸುವಾಗ ಕೊಡುವವರೂ ಕೈಗೆ ಒಂದು ಕಾರ್ಡ್ ಕೊಡಲಿ. ಅದರಲ್ಲಿ ಅಂದಾಜು ವಯಸ್ಸು, ತೂಕ, ಹುಳದ ಔಷಧಿ ಕುಡಿಸಿದ ತಾರೀಕು, ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ ಲೇಬಲ್, ಪಶುವೈದ್ಯರ ಸಹಿ, ಮುಂದಿನ ತಾರೀಕು ಇರಲಿ. ಏನೂ ಹಾಕಿಲ್ಲದಿದ್ದರೆ ‘ಹಾಕಿಲ್ಲ’ ಎಂದೇ ಬರೆಯಲಿ, ಅದೂ ದೊಡ್ಡ ಉಪಕಾರ. ಒಯ್ದವರ ಫೋನ್ ನಂಬರಿನ ಅರ್ಧ ಚೀಟಿ ಕೊಟ್ಟವರಲ್ಲೇ ಉಳಿಯಲಿ. ಎಂಟು ವಾರ ತುಂಬದ ಮರಿಯನ್ನು, ತಾಯಿ ಇದ್ದರೆ, ತಾಯಿಯಿಂದ ಬಿಡಿಸದಿರಲಿ.

ಒಯ್ಯುವವರಿಗೂ ಒಂದು ಕೋರಿಕೆ. ಮೊದಲ ದಿನ ಸ್ನಾನ ಬೇಡ, ಹಾಲು ಬೇಡ, ನೆಂಟರಿಗೆ ತೋರಿಸುವುದು ಬೇಡ. ಎರಡು ದಿನದೊಳಗೆ ಡಾಕ್ಟರಿಗೆ ತೋರಿಸಿ, ಮರಿ ಕುಣಿಯುತ್ತಿದ್ದರೂ ತೋರಿಸಿ. ಜ್ವರ ಬಂತೆಂದು ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.

ಫೋಟೊದಲ್ಲಿದ್ದ ಹುಡುಗಿಯ ಮನೆಯವರು ಈ ಪತ್ರ ಓದಿದರೆ, ದಯವಿಟ್ಟು ಇವತ್ತೇ ಆ ಮರಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜೊತೆಗೆ ಅದರ ಮಲದ ಮಾದರಿಯನ್ನು ಒಂದು ಶುಭ್ರವಾದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಹುಳದ ಮೊಟ್ಟೆ ಇದೆಯೇ ಎಂದು ಅಲ್ಲಿ ನೋಡುತ್ತಾರೆ.

ಇಂತಿ,
ಅರಸೀಕೆರೆಯ ಒಬ್ಬ ಓದುಗರು