ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಬಂದೊಡನೆ ಪತ್ರಿಕೆಗಳಲ್ಲಿ ಡೆಂಗಿ, ಚಿಕುನ್‌ಗುನ್ಯಾ ಪ್ರಕರಣಗಳ ಲೆಕ್ಕ ಬರುತ್ತದೆ. ಇಷ್ಟು ಜನರಿಗೆ ಬಂತು, ಇಷ್ಟು ಜನ ಗುಣಮುಖರಾದರು ಎಂದು. ಆ ಗುಣಮುಖರ ಪಟ್ಟಿಯಲ್ಲಿ ಸೇರಿಹೋದವಳು ನಾನು. ಹತ್ತೊಂಬತ್ತು ತಿಂಗಳ ಹಿಂದೆ ಚಿಕುನ್‌ಗುನ್ಯಾ ಬಂದಿತ್ತು. ಐದನೇ ದಿನ ಜ್ವರ ಬಿಟ್ಟಿತು. ಸುಸ್ತು ಇಂದಿಗೂ ಬಿಟ್ಟಿಲ್ಲ.

ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ರಾತ್ರಿಯಿಡೀ ಭತ್ತದ ಮೂಟೆ ಹೊತ್ತವಳಂತೆ ಮೈ ಜಡವಾಗಿರುತ್ತದೆ. ಎರಡು ರೊಟ್ಟಿ ತಟ್ಟುವಷ್ಟರಲ್ಲಿ ತೋಳು ಸೋಲುತ್ತದೆ. ಮೂರನೆಯದನ್ನು ಹಂಚಿಗೆ ಹಾಕಿ, ನೀರು ಸವರುವ ಮೊದಲೇ ಗೋಡೆಗೆ ಒರಗಿ ಕುಳಿತುಬಿಡುತ್ತೇನೆ. ಸೀದ ವಾಸನೆಗೆ ಮಗಳು ಓಡಿ ಬರುತ್ತಾಳೆ. ಶಾಲೆಯಲ್ಲಿ ಕೈ ಮೇಲೆತ್ತಲಾಗದೆ ಕಪ್ಪುಹಲಗೆಯ ಕೆಳಭಾಗದಲ್ಲಷ್ಟೇ ಬರೆಯುತ್ತೇನೆ. ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತು ನೋಡಿ ಬರೆದುಕೊಳ್ಳುತ್ತಾರೆ. ಒಮ್ಮೆ ಸ್ವಲ್ಪ ಚೇತರಿಸಿಕೊಂಡೆನೆಂದು ಪಂಚಮಿಗೆ ಮನೆಯೆಲ್ಲ ತೊಳೆದೆ. ಮರುದಿನದಿಂದ ನಾಲ್ಕು ದಿನ ಹಾಸಿಗೆ ಹಿಡಿದೆ, ಹಬ್ಬದ ಉಂಡಿಯನ್ನು ನೆರೆಯವರು ಕಟ್ಟಿಕೊಟ್ಟರು.

ಹತ್ತು ತಿಂಗಳಾದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಚಿಕುನ್‌ಗುನ್ಯಾ ಐಜಿಎಂ ಪಾಸಿಟಿವ್ ಎಂದೇ ಬಂತು. 'ವೈರಸ್ ಇನ್ನೂ ರಕ್ತದಲ್ಲಿದೆ' ಎಂದ ಒಬ್ಬ ವೈದ್ಯರು ವಾರವಿಡೀ ಗ್ಲುಕೋಸ್ ಬಾಟಲಿ ಏರಿಸಿದರು. ಇನ್ನೊಬ್ಬರು ವಿಡಾಲ್ ಪರೀಕ್ಷೆ ನೋಡಿ ಟೈಫಾಯಿಡ್ ಎಂದರು. ಮೂರನೆಯವರ ಬಳಿ ಹೋಗುವ ಹೊತ್ತಿಗೆ ಎಲ್ಲವೂ ನಾರ್ಮಲ್ ಆಗಿತ್ತು. 'ಮನಸ್ಸಿಗೆ ಹಚ್ಚಿಕೊಂಡಿದ್ದೀರಿ, ದಿನಾ ನಡೆಯಿರಿ, ನಡಿಗೆ ಹೆಚ್ಚಿಸುತ್ತಾ ಹೋಗಿ' ಎಂದರು. ನಡೆದೆ. ಇನ್ನಷ್ಟು ಕುಸಿದೆ. ಮನೋವೈದ್ಯರ ಬಳಿ ಹೋಗಲು ನನಗೆ ನಾಚಿಕೆಯಿಲ್ಲ, ಹೋಗಿಯೂ ಬಂದಿದ್ದೇನೆ. ಮೈಯ ಕಾಯಿಲೆ ಬೇರೆಯೇ ಇದೆ ಎಂದು ಅವರೇ ಹೇಳಿ ಕಳುಹಿಸಿದರು.

ಕೊನೆಗೆ ಸರ್ಕಾರಿ ಆಸ್ಪತ್ರೆಯ ಯುವ ವೈದ್ಯೆಯೊಬ್ಬರು ಅರ್ಧ ಗಂಟೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಐಜಿಎಂ, ಐಜಿಜಿ ಎಂಬುವು ವೈರಸ್ ಅಲ್ಲ, ವೈರಸ್ಸಿನ ವಿರುದ್ಧ ನಮ್ಮ ದೇಹವೇ ತಯಾರಿಸಿದ ಪ್ರತಿಕಾಯಗಳು. ಚಿಕುನ್‌ಗುನ್ಯಾ ವೈರಸ್ ರಕ್ತದಲ್ಲಿ ಸಾಮಾನ್ಯವಾಗಿ ಇರುವುದು ಮೊದಲ ವಾರದ ಆಸುಪಾಸಿನಲ್ಲಿ. ಐಜಿಎಂ ಮಾತ್ರ ಕೆಲವರಲ್ಲಿ ವರ್ಷ ಕಳೆದರೂ ಕಾಣಿಸಿಕೊಳ್ಳಬಹುದು. ಟೈಫಾಯಿಡ್ ಸಾಮಾನ್ಯವಾಗಿರುವ ನಮ್ಮಂಥ ಕಡೆ ಒಂದೇ ವಿಡಾಲ್ ಪರೀಕ್ಷೆ ನಂಬಿ ಆ್ಯಂಟಿಬಯೋಟಿಕ್ ಕೊಡುವುದು ಸರಿಯಲ್ಲ. ಇವೆಲ್ಲ ತಿಳಿದ ಮೇಲೆ ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂತು. ವರದಿಯಲ್ಲಿ ಗುರುತು ಉಳಿದಿದ್ದಾಗ ಇಲ್ಲದ ವೈರಸ್ಸಿಗೆ ಔಷಧಿ ಕೊಟ್ಟರು. ಗುರುತು ಅಳಿಸಿದಾಗ ಇರುವ ಸುಸ್ತನ್ನೇ ಇಲ್ಲವೆಂದರು.

ವೈರಸ್ ಸೋಂಕಿನ ನಂತರ ಆರು ತಿಂಗಳು ಮೀರಿ ಉಳಿಯುವ, ದುಡಿದರೆ ಉಲ್ಬಣಿಸುವ, ನಿದ್ದೆಯಿಂದ ಪರಿಹಾರವಾಗದ ಇಂಥ ಬಳಲಿಕೆ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಎಂ.ಇ. (ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್) ಎಂಬ ಹೆಸರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ಇದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಖಚಿತಪಡಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇಲ್ಲವೆಂದು ನೋಡಿಕೊಂಡು, ರೋಗಿಯ ಮಾತು ಕೇಳಿಯೇ ಗುರುತಿಸಬೇಕು. ಇಂಥವರಿಗೆ ವ್ಯಾಯಾಮವನ್ನು ಹಂತಹಂತವಾಗಿ ಏರಿಸುವ ಚಿಕಿತ್ಸೆ ಬೇಡವೆಂದು ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದ್ದ ಶಕ್ತಿಯನ್ನು ಅಳೆದು ಬಳಸುವುದೇ ಸದ್ಯದ ದಾರಿ.

2006ರ ಚಿಕುನ್‌ಗುನ್ಯಾ ನಮ್ಮ ಭಾಗದವರಿಗೆ ಮರೆತಿಲ್ಲ. ಆ ವರ್ಷ ದೇಶದ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಆಗ ಗೋಡೆ ಹಿಡಿದು ನಡೆಯುತ್ತಿದ್ದವರಲ್ಲಿ ಎಷ್ಟು ಜನ ಮುಂದೆ ವರ್ಷಗಟ್ಟಲೆ ನರಳಿದರೋ, ಕೇಳಿದವರಾರು? ನನಗಾದರೂ ಸಂಬಳವಿದೆ, ಗಳಿಕೆ ರಜೆ ಇದೆ. ಆದರೂ ರಜೆಗೆ ಅರ್ಜಿ ಹಾಕಿದಾಗ ವೈದ್ಯಕೀಯ ಪ್ರಮಾಣಪತ್ರದಲ್ಲಿ 'ಸಾಮಾನ್ಯ ದೌರ್ಬಲ್ಯ' ಎಂದಿರುವುದನ್ನು ಕಂಡು ಕಚೇರಿಯಲ್ಲಿ ಮುಸಿಮುಸಿ ನಕ್ಕರು. ನಮ್ಮ ಓಣಿಯ ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಜ್ವರಕ್ಕೆ ಮೊದಲು ಬಿಡಿಸುತ್ತಿದ್ದುದರ ಅರ್ಧವನ್ನೂ ಈಗ ಬಿಡಿಸಲಾಗದೆ, ಸಾಲಿನ ಕೊನೆಯಲ್ಲಿ ಚೀಲದ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಗುಂಪಿನವರು ಅವಳನ್ನು ಮೈಗಳ್ಳಿ ಎನ್ನುತ್ತಾರೆ. ಅವಳ ಬಳಿ ತೋರಿಸಲು ಒಂದು ವರದಿಯೂ ಇಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಜ್ವರ ಬಿಟ್ಟ ಮೇಲೂ ಚೇತರಿಸಿಕೊಳ್ಳದವರಿಗಾಗಿ ಅಲ್ಲಿ ವಾರಕ್ಕೊಂದು ದಿನ ಹೊರರೋಗಿ ವಿಭಾಗ ನಡೆಸಬೇಕು. ಮನೆಮನೆಗೆ ಬಂದು ಲಾರ್ವಾ ಸಮೀಕ್ಷೆ ಮಾಡುವ ಆಶಾ ಕಾರ್ಯಕರ್ತೆಯರು, ಹಿಂದಿನ ವರ್ಷ ಜ್ವರ ಬಂದಿದ್ದವರು ಈಗ ಹೇಗಿದ್ದಾರೆ ಎಂದೂ ಕೇಳಿ ಬರೆದುಕೊಳ್ಳಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಮಳೆಗಾಲದಲ್ಲೇ ಇದನ್ನು ಆರಂಭಿಸಬೇಕೆಂದು ಕೋರುತ್ತೇನೆ. ಮೊದಲ ದಿನವೇ ಆ ಹೆಣ್ಣುಮಗಳನ್ನು ನಾನೇ ಕರೆದುಕೊಂಡು ಬರುತ್ತೇನೆ.

– ಒಬ್ಬ ಶಿಕ್ಷಕಿ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ