ಪೈ ಮಾಮನಿಗೂ ನಿಮಗೆಲ್ಲರಿಗೂ ನಮಸ್ಕಾರ

ನಮ್ಮ ಮಕ್ಕಳ ಓದುಮನೆಗೆ ಕೊನೆಗೂ ಸ್ವಂತ ಸೂರಾಯಿತು. ಕೊಡಗಿನ ಜಂಬೂರಿನ ಹೊಸ ಬಡಾವಣೆಯ ಹತ್ತಿರ ಒಂದೇ ಕೋಣೆಯ ಕಟ್ಟಡ. ಶೀಟಿನ ಮಾಡು, ಎರಡು ದೊಡ್ಡ ಕಿಟಕಿ, ನೆಲದಿಂದ ಎರಡಡಿ ಬಿಟ್ಟು ಶುರುವಾಗುವ ಕಪಾಟುಗಳು. ಕೆಳಗಿನ ಜಾಗ ಯಾಕೆ ಖಾಲಿ ಎಂದು ಬಾಗಿಲು ತೆರೆದ ದಿನ ಬಂದವರೊಬ್ಬರು ಕೇಳಿದರು. 2018ರ ಆಗಸ್ಟ್‌ನ ಮಳೆ ಕಂಡ ನಮಗೆ ಪುಸ್ತಕವನ್ನು ನೆಲದ ಹತ್ತಿರ ಇಡುವ ಧೈರ್ಯ ಇನ್ನೂ ಬಂದಿಲ್ಲ.

ಆ ಮಳೆಯಲ್ಲಿ ಮಕ್ಕಂದೂರು ಕಡೆಯಿದ್ದ ನಮ್ಮ ಹಳೆಯ ಕೋಣೆ ಅರ್ಧಕ್ಕೆ ಮಣ್ಣಿನಡಿ ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಈ ಓದುಮನೆ ಪರಿಹಾರ ಕೇಂದ್ರದ ಮೂಲೆಯಲ್ಲಿ, ಒಬ್ಬರ ಕಾಫಿ ಗೋದಾಮಿನಲ್ಲಿ, ಇನ್ನೊಬ್ಬರ ಜಗಲಿಯಲ್ಲಿ ಉಳಿದುಕೊಂಡು ಬಂದಿದೆ. ಕೊರೊನಾದ ಕಾಲದಲ್ಲಿ ಜಗಲಿಯೂ ಇರಲಿಲ್ಲ. ಆಗ ಪುಸ್ತಕಗಳು ಹಾಲಿನ ಕ್ಯಾನ್ ಒಯ್ಯುವ ಜೀಪಿನಲ್ಲಿ ಮನೆ ಮನೆಗೆ ಹೋದವು. ಹೆಸರು ಹಿಡಿದು ಕೃತಜ್ಞತೆ ಹೇಳಬೇಡಿ ಎಂದು ಕೈಹಿಡಿದವರಲ್ಲಿ ಹೆಚ್ಚಿನವರು ಕಟ್ಟಪ್ಪಣೆ ಮಾಡಿದ್ದಾರೆ. ಹಾಗಾಗಿ ಅವರ ಹೆಸರುಗಳಿಲ್ಲದೆ ಈ ಬರಹ. ಒಂದು ಹೆಸರನ್ನು ಮಾತ್ರ ಹೇಳಲೇಬೇಕು. ಅವರು ಈಗ ಇಲ್ಲ, ನಮ್ಮನ್ನು ಕಂಡವರೂ ಅಲ್ಲ. ಆದರೂ ಮೊದಲ ನಮಸ್ಕಾರ ಅವರಿಗೇ.

ಅನಂತ ಪೈ. ‘ಅಮರ ಚಿತ್ರ ಕಥಾ’ ಎಂಬ ಚಿತ್ರಕಥೆ ಮಾಲಿಕೆಯ ಸಂಪಾದಕರು. ಮುಂಬೈಯ ಮಕ್ಕಳಿಗೆ ಅಂಕಲ್ ಪೈ, ನಮ್ಮ ಮಕ್ಕಳ ಬಾಯಲ್ಲಿ ಪೈ ಮಾಮ.

ಅವರು ಹುಟ್ಟಿದ್ದು ನಮ್ಮ ಘಟ್ಟದ ಕೆಳಗೆ, ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿಯನ್ನು ಕಳೆದುಕೊಂಡರು. ಹನ್ನೆರಡನೆಯ ವಯಸ್ಸಿಗೆ ಮುಂಬೈ ಸೇರಿದರು. ಓದಿದ್ದು ರಸಾಯನಶಾಸ್ತ್ರ, ಭೌತಶಾಸ್ತ್ರ, ರಾಸಾಯನಿಕ ತಂತ್ರಜ್ಞಾನ. ಮನಸ್ಸು ಹರಿದದ್ದು ಅಚ್ಚುಮನೆಯ ಕಡೆಗೆ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ತಂದರು, ಅದು ನಿಂತುಹೋಯಿತು. ಆಮೇಲೆ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗ. ಅಲ್ಲಿದ್ದಾಗಲೇ 1964ರಲ್ಲಿ ಇಂದ್ರಜಾಲ್ ಕಾಮಿಕ್ಸ್ ಹೊರಟಿತು.

1967ರ ಫೆಬ್ರವರಿಯಲ್ಲಿ ದೆಹಲಿಗೆ ಹೋಗಿದ್ದಾಗ ಅಂಗಡಿಯೊಂದರ ದೂರದರ್ಶನದಲ್ಲಿ ಅವರು ಕಂಡ ರಸಪ್ರಶ್ನೆಯ ಕಥೆ ಬಹಳ ಜನರಿಗೆ ಗೊತ್ತು. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿ ಯಾರು ಎಂದಾಗ ಸುಮ್ಮನಾದರು. ಅದೇ ವರ್ಷ ಇಂಡಿಯಾ ಬುಕ್ ಹೌಸ್‌ನ ಮೀರ್‌ಚಂದಾನಿ ಅವರ ಬೆಂಬಲದಿಂದ ‘ಅಮರ ಚಿತ್ರ ಕಥಾ’ದ ಕೆಲಸ ಹಿಡಿದರು. ಆ ಮಾಲಿಕೆಯಲ್ಲಿ ಅವರು ಮೊದಲು ತಂದ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11 ಎಂಬುದನ್ನು ಗಮನಿಸಿದ ಮಕ್ಕಳು ಮೊದಲ ಹತ್ತು ಎಲ್ಲಿ ಎಂದು ನಮ್ಮನ್ನು ಕೇಳುತ್ತಾರೆ. ಆ ಹತ್ತು ಹೊರನಾಡಿನ ಕಥೆಗಳು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಅವನ್ನು ಕನ್ನಡದಲ್ಲಿ ತಂದಿದ್ದರು. ಈ ಮಾಲಿಕೆಯ ಬೇರಿನ ಒಂದು ಎಳೆ ಕನ್ನಡದ ಮಣ್ಣಿನಲ್ಲಿದೆ ಎಂದು ಹೇಳುವಾಗ ಮಕ್ಕಳ ಮುಖ ಅರಳುತ್ತದೆ, ನನ್ನದೂ.

ಪ್ರಶಸ್ತಿ, ಪ್ರಸಾರ ಸಂಖ್ಯೆಗಳ ವಿಚಾರ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಸಂಪಾದಕನ ಕೆಲಸ. ಒಂದು ಮಹಾಕಾವ್ಯದ ಪಾತ್ರವನ್ನು 32 ಪುಟಕ್ಕೆ ಇಳಿಸಬೇಕು. ಯಾವ ಪ್ರಸಂಗಕ್ಕೆ ಇಡೀ ಪುಟ, ಯಾವುದಕ್ಕೆ ಒಂದೇ ಚೌಕ, ಯಾವುದು ಬೇಡವೇ ಬೇಡ ಎಂದು ಯಾರೋ ಒಬ್ಬರು ಕೂತು ತೀರ್ಮಾನಿಸಿರಬೇಕು. ಪಾತ್ರದ ಬಾಯಿಂದ ಹೊರಡುವ ಮಾತು ಒಂದೆರಡು ಸಾಲಿನಲ್ಲಿ ಮುಗಿಯಬೇಕು. ಮಾತಿಲ್ಲದೆ ಚಿತ್ರವೇ ಹೇಳಬಹುದಾದಲ್ಲಿ ಬರಹಗಾರ ಸುಮ್ಮನಿರಬೇಕು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಅವರಂಥ ಸಂಪಾದಕ ಬಳಗ, ರಾಮ್ ವಾಯೀರ್ಕರ್, ಪ್ರತಾಪ್ ಮುಲಿಕ್ ಅವರಂಥ ಚಿತ್ರಕಾರರು ಅವರ ಜೊತೆಗಿದ್ದರು. ಇವರೆಲ್ಲರ ಹೆಸರನ್ನೂ ನಮ್ಮ ಮಕ್ಕಳು ಕಲಿಯಬೇಕೆಂದು ನನಗೆ ಆಸೆ. ಪುಸ್ತಕ ತಾನಾಗಿ ಹುಟ್ಟುವುದಿಲ್ಲ ಎಂದು ಅವರಿಗೆ ತಿಳಿಯಬೇಕು.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ನನಗೆ ಈ ಕೆಲಸದ ಬೆಲೆ ಗೊತ್ತಾದದ್ದು ತರಗತಿಯಲ್ಲಿ. ನಮ್ಮ ಒಂದು ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಯರವ ಮಾತಾಡುವ ಮಕ್ಕಳು ಅಕ್ಕಪಕ್ಕ ಕೂರುತ್ತಾರೆ. ಈಚೆಗೆ ತೋಟದ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಪಠ್ಯದ ಕನ್ನಡ ಇವರಲ್ಲಿ ಅನೇಕರಿಗೆ ಎರಡನೆಯದೋ ಮೂರನೆಯದೋ ಮಾತು. ಗದ್ಯದ ಪುಟ ತೆರೆದರೆ ಹೆದರಿ ಮುಚ್ಚುವ ಮಗು ಚಿತ್ರಕಥೆಯನ್ನು ಮುಚ್ಚುವುದಿಲ್ಲ. ಮೊದಲು ಚಿತ್ರ ಓದುತ್ತದೆ, ಕಥೆಯನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳುತ್ತದೆ. ಆಮೇಲೆ ಅಲ್ಲಿ ನಿಜವಾಗಿ ಏನು ಬರೆದಿದೆ ಎಂಬ ಕುತೂಹಲದಿಂದ ಅಕ್ಷರಕ್ಕೆ ಕೈ ಹಾಕುತ್ತದೆ. ಶಾಲೆಗೆ ಇದರಿಂದ ಏನು ಉಪಯೋಗ ಎಂದು ಹಿಂದೆ ಕೇಳುವವರಿದ್ದರು. ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಎಂಬ ವಿಷಯದ ಮೇಲೆಯೇ 1978ರಲ್ಲಿ ದೆಹಲಿಯಲ್ಲಿ ವಿಚಾರ ಸಂಕಿರಣ ಆಯಿತು. ನನಗೆ ಉತ್ತರ ಕೊಟ್ಟದ್ದು ಅಸ್ಸಾಮಿನ ಒಬ್ಬ ಹುಡುಗಿ. ಬಂದ ವರ್ಷ ತುಟಿ ಬಿಚ್ಚದವಳು, ಮರುವರ್ಷ ಬೀರಬಲ್ಲನ ಮಾತನ್ನು ತರಗತಿಯ ಮುಂದೆ ನಿಂತು ಅಭಿನಯಿಸಿ ತೋರಿಸಿದಳು.

ಇನ್ನು ಆ ಆಗಸ್ಟ್‌ನ ಮಾತು. ಮಣ್ಣು ಸರಿಸಿ ಪುಸ್ತಕ ಹೊರತೆಗೆದ ಹುಡುಗರು, ನಿಮ್ಮ ಸ್ವಂತ ಮನೆಗಳೂ ಆಗ ನಿಂತಿರಲಿಲ್ಲ. ಪಾತ್ರೆಪಗಡೆ ಹುಡುಕಿದ ಕೈಯಲ್ಲೇ ನಮ್ಮ ಪುಸ್ತಕದ ಟ್ರಂಕನ್ನೂ ಎತ್ತಿ ತಂದಿರಿ. ಇದಕ್ಕೆ ನಾನು ಯಾವ ಮಾತಿನಲ್ಲಿ ನಮಸ್ಕಾರ ಹೇಳಲಿ!

ಪುಸ್ತಕ ಒಣಗಿಸಲು ಕಲಿಸಿದ ಮಡಿಕೇರಿಯ ಬೈಂಡಿಂಗ್ ಅಣ್ಣನಿಗೆ ಬೇರೆಯಾಗಿಯೇ ಹೇಳಬೇಕು. ನುಣುಪು ಕಾಗದದ ಹೊಸ ಮುದ್ರಣಗಳು ಒದ್ದೆಯಾಗಿ ಹಾಗೇ ಒಣಗಿದರೆ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ, ಬಿಡಿಸಲು ಹೋದರೆ ಬಣ್ಣವೇ ಎದ್ದು ಬರುತ್ತದೆ. ಹಳೆಯ ಒರಟು ಕಾಗದದವು ಉಬ್ಬುತ್ತವೆ, ಸುಕ್ಕಾಗುತ್ತವೆ, ಆದರೆ ಬದುಕುತ್ತವೆ. ಒದ್ದೆ ಇರುವಾಗಲೇ ಒಂದೊಂದು ಹಾಳೆಯ ನಡುವೆ ಒಣ ಕಾಗದ ಇಡಬೇಕು, ಅದು ನೆನೆದೊಡನೆ ಬದಲಿಸಬೇಕು, ಬಿಸಿಲಿಗೆ ಹಾಕದೆ ಗಾಳಿಗೆ ಇಡಬೇಕು. ಆಗಸ್ಟ್‌ನ ಕೊಡಗಿನಲ್ಲಿ ಒಣ ಗಾಳಿ ಎಲ್ಲಿಂದ ತರುವುದು? ಅಡುಗೆಮನೆಯ ಒಲೆಯ ಮೇಲಿನ ಅಟ್ಟವನ್ನು ಬಿಟ್ಟುಕೊಟ್ಟ ಅಮ್ಮಂದಿರು ಸಿಕ್ಕಿದರು. ಮೆಣಸು, ಹುಣಸೆಹುಳಿ ಇಡುವ ಜಾಗದಲ್ಲಿ ಭೀಷ್ಮ, ಝಾನ್ಸಿ ರಾಣಿ, ಪುರಂದರದಾಸರು ವಾರಗಟ್ಟಲೆ ಕೂತರು. ತುಕ್ಕು ಹಿಡಿದ ಪಿನ್ನುಗಳನ್ನು ಅಣ್ಣ ಒಂದೊಂದಾಗಿ ಕಿತ್ತು ನೂಲಿನಿಂದ ಹೊಲಿದುಕೊಟ್ಟರು. ಕೂಲಿ ಕೇಳಿದರೆ, “ಮಕ್ಕಳು ಓದಲಿ ಟೀಚರ್, ಆಮೇಲೆ ನೋಡುವ” ಎಂದರು. ಆ ಪುಸ್ತಕಗಳಿಗೆ ಇವತ್ತಿಗೂ ಹೊಗೆಯ ವಾಸನೆ ಇದೆ.

ಪರಿಹಾರ ಕೇಂದ್ರದಲ್ಲಿ ದೊಡ್ಡವರು ಪಟ್ಟಿ, ಅರ್ಜಿ, ಫೋನು ಎಂದು ಓಡಾಡುತ್ತಿದ್ದಾಗ ಮಕ್ಕಳ ಕಡೆ ನೋಡಲು ಯಾರಿಗೂ ಬಿಡುವಿರಲಿಲ್ಲ. ಊರೂರಿನಿಂದ ಬಂದ ಅಕ್ಕಿ, ಕಂಬಳಿಗಳ ಜೊತೆ ಯಾರೋ ಪುಣ್ಯಾತ್ಮರು ಹಳೆಯ ಚಿತ್ರಕಥೆಗಳ ಒಂದು ರಟ್ಟಿನ ಪೆಟ್ಟಿಗೆ ಕಳಿಸಿದ್ದರು. ಕಳಿಸಿದವರು ಯಾರೆಂದು ತಿಳಿಯಲೇ ಇಲ್ಲ. ನೀವು ಇದನ್ನು ಓದುತ್ತಿದ್ದರೆ, ಆ ಪೆಟ್ಟಿಗೆ ಸರಿಯಾದ ಕೈಗಳಿಗೆ ಸೇರಿತು ಎಂದು ತಿಳಿಯಿರಿ. ಅದನ್ನು ಓದಿ ಮುಗಿಸಿದ ಮಕ್ಕಳು ಅರ್ಜಿ ಕಾಗದದ ಹಿಂಬದಿಗೆ ಚೌಕ ಎಳೆದು ತಾವೇ ಕಥೆ ಬರೆಯತೊಡಗಿದರು. ಗುಡ್ಡ ಜಾರಿದ ಚಿತ್ರವನ್ನು ಯಾರೂ ಬರೆಯಲಿಲ್ಲ. ಬಿಟ್ಟುಬಂದ ಹಸು, ನಾಯಿ, ಕೋಳಿಗಳು ಸೇರಿ ಊರನ್ನು ಕಾಯುವ ಕಥೆ ಬರೆದರು. ನಾವು ಅವಕ್ಕೆ ದಾರ ಪೋಣಿಸಿ ಸಂಚಿಕೆ ಮಾಡಿದೆವು.

ಅಲ್ಲಿಯೇ ನಮಗೆ ಪೈ ಮಾಮನ ಇನ್ನೊಂದು ಗುಣ ದಾರಿ ತೋರಿಸಿತು. 1980ರ ನವೆಂಬರ್‌ನಲ್ಲಿ ಅವರು ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆ ಶುರು ಮಾಡಿದ ಮೇಲೆ ದೇಶದ ಮೂಲೆ ಮೂಲೆಯಿಂದ ಮಕ್ಕಳು ಕಾಗದ ಬರೆಯುತ್ತಿದ್ದರು. ಅವಕ್ಕೆ ಅಂಕಲ್ ಪೈ ಎಂಬ ಸಹಿಯ ಉತ್ತರ ಬರುತ್ತಿತ್ತು. ಓದುಗರು ಕಳಿಸಿದ ಕಥೆಗಳಿಗೆ ಪತ್ರಿಕೆಯಲ್ಲಿ ಜಾಗವಿತ್ತು. 1983ರಲ್ಲಿ ಕಾಣಿಸಿಕೊಂಡ, ಪೆದ್ದುತನದಿಂದ ನಗಿಸುವ ಸುಪ್ಪಾಂಡಿ ತಮಿಳುನಾಡಿನ ತಿರುಚಿರಾಪಳ್ಳಿಯ ಓದುಗರೊಬ್ಬರು ಕಳಿಸಿದ ಕಥೆಗಳಿಂದ ಹುಟ್ಟಿದವನು. ಅಂಚೆಯಲ್ಲಿ ಬಂದ ಕಥೆಯನ್ನು ಬಿಚ್ಚಿ ಓದುವ ಮನಸ್ಸು ಆ ಕಚೇರಿಯಲ್ಲಿ ಇಲ್ಲದೆ ಹೋಗಿದ್ದರೆ ಸುಪ್ಪಾಂಡಿ ನಮಗೆ ಸಿಗುತ್ತಿರಲಿಲ್ಲ. ಮಗುವಿನ ಮಾತಿಗೆ ಮರುಮಾತು ಕೊಡುವುದು ಸಂಪಾದಕನ ಕೆಲಸದ ಭಾಗ ಎಂದು ಅವರು ನಂಬಿದ್ದರು. ನಾವೂ ಕೇಂದ್ರದಲ್ಲಿ ಬಿಸ್ಕತ್ತಿನ ಡಬ್ಬಿಯೊಂದನ್ನು ಅಂಚೆಪೆಟ್ಟಿಗೆ ಮಾಡಿದೆವು. ಏನು ಬೇಕಾದರೂ ಬರೆದು ಹಾಕಿ, ನಾಳೆಯೊಳಗೆ ಉತ್ತರ ಬರುತ್ತದೆ ಎಂದೆವು. “ನಮ್ಮ ಶಾಲೆ ಉಂಟಾ?” “ಮಳೆಗೆ ಯಾಕೆ ಸಿಟ್ಟು?” “ಅಪ್ಪ ರಾತ್ರಿ ಅಳ್ತಾರೆ, ನಾನು ಎಂತ ಮಾಡಬೇಕು?” ಇಂಥವಕ್ಕೆ ಉತ್ತರ ಬರೆಯಲು ನನ್ನ ಜೊತೆ ರಾತ್ರಿ ಕೂತ ಇಬ್ಬರು ಟೀಚರಕ್ಕಂದಿರಿಗೆ, ಒಬ್ಬ ಪೋಸ್ಟ್‌ಮ್ಯಾನ್ ಅಣ್ಣನಿಗೆ, ಡ್ಯೂಟಿ ಮುಗಿಸಿ ಬಂದು ನೆರವಾದ ನರ್ಸಮ್ಮನಿಗೆ ನಾನು ಋಣಿ.

ಪೈಯವರ ಪುಸ್ತಕಗಳ ಬಗ್ಗೆ ಪ್ರಶ್ನೆಗಳೂ ಇವೆ, ಅವನ್ನು ಮುಚ್ಚಿಟ್ಟು ಕೃತಜ್ಞತೆ ಹೇಳಲಾರೆ. ಬುಡಕಟ್ಟಿನವರ ಹಾಡಿಯಿಂದ ಬರುವ ಒಬ್ಬ ಹುಡುಗ ಪುಟ ತೋರಿಸಿ ಕೇಳಿದ: “ಟೀಚರ್, ರಾಕ್ಷಸರೆಲ್ಲ ಯಾಕೆ ನನ್ನ ಬಣ್ಣ?” ದೊಡ್ಡ ವಿದ್ವಾಂಸರು ಎತ್ತಿದ ಆಕ್ಷೇಪವೂ ಇದೇ. ಕಪ್ಪು ಮೈ ಕೆಟ್ಟವರಿಗೆ, ಬಿಳಿ ಮೈ ಒಳ್ಳೆಯವರಿಗೆ ಎಂಬ ರೂಢಿ ಆ ಚಿತ್ರಗಳಲ್ಲಿ ಇರುವುದು ಹೌದು, ಅದು ಸರಿಯಲ್ಲ ಎಂದು ಅವನಿಗೆ ನೇರವಾಗಿ ಹೇಳಿದೆ. ಅವನು ಬಣ್ಣದ ಪೆನ್ಸಿಲ್ ಕೇಳಿ ತೆಗೆದುಕೊಂಡ. ಈಗ ನಮ್ಮ ಮಕ್ಕಳ ಸಂಚಿಕೆಯ ಮುಖ್ಯ ಚಿತ್ರಗಾರ ಅವನೇ, ಅವನ ವೀರರೆಲ್ಲ ಕಪ್ಪು ಮೈಯವರು. ಪೈಯವರ ಮಾಲಿಕೆ ಕೊಟ್ಟ ಚೌಕದೊಳಗೆ ಅವನು ತನ್ನವರನ್ನು ತಂದು ಕೂರಿಸಿದ್ದು ನನಗೆ ಈ ವರ್ಷಗಳ ದೊಡ್ಡ ಸಂತೋಷ.

2011ರ ಫೆಬ್ರವರಿಯಲ್ಲಿ ದೆಹಲಿಯ ಕಾಮಿಕ್ ಮೇಳದಲ್ಲಿ ಜೀವಮಾನದ ಸಾಧನೆಗೆ ಗೌರವ ಪಡೆದ ಕೆಲವೇ ದಿನಕ್ಕೆ, 24ರಂದು, ಅವರು ತೀರಿಕೊಂಡರು. 81 ವರ್ಷವಾಗಿತ್ತು. ಅವರಿಗೂ ಪತ್ನಿ ಲಲಿತಾ ಅವರಿಗೂ ಸ್ವಂತ ಮಕ್ಕಳಿರಲಿಲ್ಲ. ಮಾಮ ಎಂದು ಕರೆಯುವವರು ಊರೂರಲ್ಲಿ ಇದ್ದರು, ಇದ್ದಾರೆ.

ನಮ್ಮ ಹೊಸ ಗೋಡೆಯಲ್ಲಿ ಎರಡು ಚಿತ್ರಗಳಿವೆ, ಒಂದು ಪೈ ಮಾಮನದು, ಇನ್ನೊಂದು ಪಂಜೆ ಮಂಗೇಶರಾಯರದು. ಪಂಜೆಯವರೂ ಕರಾವಳಿಯಿಂದ ಘಟ್ಟ ಹತ್ತಿ ಬಂದು ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದವರು, ಹುತ್ತರಿಯ ಹಾಡನ್ನು ಕನ್ನಡಕ್ಕೆ ಕೊಟ್ಟವರು. ಮಕ್ಕಳಿಗಾಗಿ ಬರೆಯುವುದನ್ನು ಕೈಲಾಗದವರ ಕೆಲಸ ಎಂದು ಇಬ್ಬರೂ ಎಣಿಸಲಿಲ್ಲ.

ಇನ್ನು ಉಳಿದವರು. ಜಾಗ ಬರೆದುಕೊಟ್ಟ ತೋಟದ ಅಜ್ಜ, ಅಜ್ಜಿ. ಮರ ಕೊಟ್ಟವರು, ಮರಗೆಲಸದ ಮೇಸ್ತ್ರಿ, ಶೀಟು ಹೊದಿಸಿದ ಹುಡುಗರು. ಕಲ್ಲುಮಣ್ಣು ಹೊತ್ತ ಸ್ವಸಹಾಯ ಸಂಘದ ಅಕ್ಕಂದಿರು. ತಮ್ಮ ಬಾಲ್ಯದ ಬಾಲಮಂಗಳ, ಚಂದಮಾಮ, ಅಮರ ಚಿತ್ರ ಕಥಾ ಕಟ್ಟುಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ತಂದುಕೊಟ್ಟ ಸೋಮವಾರಪೇಟೆ, ಕುಶಾಲನಗರ, ವಿರಾಜಪೇಟೆಯ ಮನೆಯವರು. ಆ ಕಟ್ಟು ಬಿಟ್ಟುಕೊಡುವುದು ಸುಲಭವಲ್ಲ ಎಂದು ನನಗೆ ಗೊತ್ತು, ಒಬ್ಬರಂತೂ ಕೊಡುವ ಮೊದಲು ಬಾಗಿಲಲ್ಲೇ ನಿಂತು ಒಂದು ಸಂಚಿಕೆ ಪೂರ್ತಿ ಓದಿದರು. ಎಲ್ಲರಿಗೂ ಕೈಮುಗಿಯುತ್ತೇನೆ.

ಓದುಮನೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮತ್ತು ಭಾನುವಾರ ಇಡೀ ದಿನ ತೆರೆದಿರುತ್ತದೆ. ಬಿಸ್ಕತ್ತಿನ ಡಬ್ಬಿಯ ಬದಲು ಈಗ ಬಾಗಿಲಿನ ಪಕ್ಕ ಮರದ ಅಂಚೆಪೆಟ್ಟಿಗೆ ಇದೆ. ಕಾಗದಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಬರುತ್ತಿವೆ, ಉತ್ತರ ಬರೆಯುವ ಕೈಗಳು ಸಾಲುತ್ತಿಲ್ಲ. ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ, ಸುಳ್ಳು ಹೇಳದೆ ಒಂದು ಪುಟ ಬರೆಯಬಲ್ಲವರು ದಯವಿಟ್ಟು ಬನ್ನಿ. ಪೆನ್ನು, ಕಾಗದ, ಕಾಫಿ ನಮ್ಮ ಕಡೆಯಿಂದ.