‘ಬಿಟ್ಟು ಬಾ’ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ

ಕಲಬುರಗಿ
ಭಾನುವಾರ ರಾತ್ರಿ

ಅವ್ವಾ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ, ಸ್ಟುಡಿಯೋದ ಆನಿಮೇಷನ್ ಕೆಲಸದ ಬಗ್ಗೆ ಹೇಳುತ್ತ ಅತ್ತೆಯಲ್ಲ, ಆಗ ನಾನು ಅಂದದ್ದು ಒಂದೇ ಮಾತು. "ಬಿಟ್ಟು ಬಾ ತಾಯಿ, ಇಲ್ಲಿ ರೊಟ್ಟಿಗೇನು ಕಮ್ಮಿ ಇಲ್ಲ." ನೀನು ಸುಮ್ಮನಾದೆ. ಆಮೇಲೆ "ಹೂಂ, ಮಲಕೋ ಅಪ್ಪಾ" ಅಂತ ಇಟ್ಟುಬಿಟ್ಟೆ. ನಿಮ್ಮವ್ವ ಕತ್ತಲಲ್ಲೇ ನನ್ನ ಕಡೆ ತಿರುಗಿ, "ಅಕಿ ಬರ್ಲೇನು ಅಂತ ಕೇಳಿದ್ಲೇನು?" ಅಂದಳು. ಹೌದು, ನೀನು ಅದನ್ನು ಕೇಳಿರಲೇ ಇಲ್ಲ. ಅವತ್ತಿನಿಂದ ಈ ಮಾತು ತಲೆ ಕೊರೆಯುತ್ತಿದೆ. ಫೋನಿನಲ್ಲಿ ನನಗೆ ಮಾತು ಜೋಡಿಸಲು ಬರುವುದಿಲ್ಲ. ಬರೆಯುವುದೇ ನನ್ನ ಕಸುಬಾಗಿತ್ತು ಅಲ್ವಾ, ಅದಕ್ಕೇ ಈ ಕಾಗದ.

ನೀನು ಹೇಳಿದ್ದನ್ನು ಕೂತು ಲೆಕ್ಕ ಹಾಕಿದೆ. ವಾರಕ್ಕೆ 25 ಸೆಕೆಂಡಿನ ಆನಿಮೇಷನ್ ಮುಗಿಸಬೇಕು. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12. ಅಂದರೆ ವಾರಕ್ಕೆ 300 ಚಿತ್ರ. "ನಡುವಿನದನ್ನೆಲ್ಲ ಕಂಪ್ಯೂಟರ್ ತುಂಬುತ್ತದೆ ಅಂತ ಜನ ತಿಳಿದಿದ್ದಾರೆ, ತುಂಬಿದ್ದನ್ನು ಸರಿ ಮಾಡುವವಳು ನಾನು" ಅಂತ ನೀನು ಹೇಳಿದ್ದು ನೆನಪಿದೆ. ಅದರ ಮೇಲೆ ಹೊರದೇಶದ ಕ್ಲೈಂಟ್ ‘ಮತ್ತೆ ಮಾಡು’ ಅಂತ ರಾತ್ರಿ ಕಳಿಸುವ ರೀಟೇಕ್. ನಾಲ್ಕು ವರ್ಷ ಆಯಿತು, ಇನ್ನೂ ಕಾಂಟ್ರಾಕ್ಟ್. ಕೊನೆಗೆ ಹೆಸರು ಬರುವ ಜಾಗದಲ್ಲಿ ನಿನ್ನ ಹೆಸರಿಲ್ಲ. ಈಗ ನೋಡಿದರೆ ಎರಡು ಸಾಲು ಟೈಪ್ ಮಾಡಿದರೆ ಚಿತ್ರ ಕುಣಿಸುವ ಎಐ ಬಂದಿದೆ. "ನಾ ಯಾಕ್ ಕಲ್ತೆ ಅಪ್ಪಾ?" ಅಂದೆ.

ನಾನು ಗಾಬರಿಯಾದದ್ದು ಆ ಪ್ರಶ್ನೆಗೆ. ಇದೇ ಪ್ರಶ್ನೆಯನ್ನು ನಾನೂ ಒಮ್ಮೆ ಕೇಳಿಕೊಂಡವನು. ಬಿಟ್ಟು ಬಾ ಅಂದದ್ದು ನಿನ್ನನ್ನು ನೋಡಿ ಅಲ್ಲ, ನನ್ನ ಹಳೆಯ ಹೆದರಿಕೆಗೆ.

ನಾನು ಬೋರ್ಡ್ ಬರೆಯುತ್ತಿದ್ದೆ ಅನ್ನುವುದು ನಿನಗೆ ಗೊತ್ತು. ಆದರೆ ಹೇಗೆ ಬಿಟ್ಟೆ ಅನ್ನುವುದನ್ನು ಸರಿಯಾಗಿ ಹೇಳಿಲ್ಲ. ಸೂಪರ್ ಮಾರ್ಕೆಟ್‌ನಿಂದ ಗಂಜ್‌ವರೆಗೆ ಅರ್ಧ ಅಂಗಡಿಗಳ ತಗಡು ನಮ್ಮ ಉಸ್ತಾದರ ಕೈಯಲ್ಲೇ ಆದವು. ಕನ್ನಡ, ಇಂಗ್ಲಿಷ್, ಉರ್ದು, ಮೂರೂ ಬೇಕು ನಮ್ಮ ಊರಿಗೆ. ಉರ್ದುವನ್ನು ಬಲಗಡೆಯಿಂದ ಶುರು ಮಾಡಬೇಕು, ಮೊದಮೊದಲು ನನ್ನ ಸಾಲು ಎಡಕ್ಕೆ ಬರುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು. ಉಸ್ತಾದರು ಆರು ತಿಂಗಳು ಅಕ್ಷರ ಬರೆಯಲು ಬಿಡಲಿಲ್ಲ. ಸುಣ್ಣದ ದಾರ ಹಿಡಿದು ಗೆರೆ ಹೊಡೆಯುವುದು, ರೆಡ್ ಆಕ್ಸೈಡ್ ಬಳಿಯುವುದು, ಕುಂಚ ತೊಳೆಯುವುದು, ಅಷ್ಟೇ. ಆಮೇಲೆ ಹೇಳಿದರು, "ಅಕ್ಷರ ಎಲ್ಲಾರೂ ಕಲೀತಾರ. ನೀ ಅಕ್ಷರದ ನಡುವಿನ ಜಾಗ ಕಲಿ."

ನೀನು ಎರಡನೇ ವರ್ಷದ ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಪುಟಿಯುವ ಚೆಂಡು ತೋರಿಸಿದೆಯಲ್ಲ? ಮೇಲೆ ಹೋದಾಗ ಚಿತ್ರಗಳು ಹತ್ತಿರ ಹತ್ತಿರ, ಕೆಳಗೆ ಬೀಳುವಾಗ ದೂರ ದೂರ. ಚೆಂಡಿನ ತೂಕ ಇರುವುದು ಚೆಂಡಿನಲ್ಲಲ್ಲ, ಆ ನಡುವಿನ ಜಾಗದಲ್ಲಿ ಅಂದೆ. ಸ್ಪೇಸಿಂಗ್ ಅಂತ ಹೆಸರೂ ಹೇಳಿದೆ. ನನಗೆ ಉಸ್ತಾದರೇ ಎದುರು ಬಂದು ಕೂತಂತಾಯಿತು. ಆಗ ಬಾಯಿಬಿಟ್ಟು ಹೇಳಲಿಲ್ಲ, ಚಹಾ ತರುತ್ತೇನೆ ಅಂತ ಎದ್ದು ಹೋದೆ.

ಇರಲಿ. ನೀನು ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಊರಲ್ಲಿ ಫ್ಲೆಕ್ಸ್ ಬಂತು. ನಾನು ಎರಡು ದಿನ ಬಿಸಿಲಲ್ಲಿ ನಿಂತು ಬರೆಯುವ ಬೋರ್ಡು ಅರ್ಧ ಗಂಟೆಯಲ್ಲಿ ಮೆಷಿನ್‌ನಿಂದ ಹೊರಗೆ, ಅದೂ ಮಾಲೀಕನ ಫೋಟೋ ಸಮೇತ. ನಾನು ನಕ್ಕೆ. ಎರಡು ಬೇಸಿಗೆಗೆ ಬಣ್ಣ ಹಾರುತ್ತೆ, ಮತ್ತೆ ನನ್ನ ಬಳಿಯೇ ಬರುತ್ತಾರೆ ಅಂದೆ. ಬಣ್ಣ ಹಾರಿದ್ದು ನಿಜ. ಅವರು ಇನ್ನೊಂದು ಫ್ಲೆಕ್ಸ್ ಹಾಕಿಸಿದರು. ಮೂರು ವರ್ಷ ಹೀಗೆ ಕಾಯ್ದೆ ಅವ್ವಾ. ನಿಮ್ಮವ್ವನ ಬಳೆ ಹೋದದ್ದು ಆ ಮೂರು ವರ್ಷದಲ್ಲೇ. ಕೊನೆಗೆ ಒಂದು ಫ್ಲೆಕ್ಸ್ ಅಂಗಡಿಗೇ ಕೆಲಸಕ್ಕೆ ಸೇರಿದೆ. ಮನೆಯಲ್ಲಿ "ಡಿಸೈನ್ ಕೆಲಸ" ಅಂತ ಹೇಳಿದ್ದೆ. ಮೊದಲ ವರ್ಷ ರೋಲು ಹೊರುವುದು, ಅಂಚಿಗೆ ಹಗ್ಗ ಕಟ್ಟುವ ತೂತು ಹೊಡೆಯುವುದು, ಇಷ್ಟೇ ಇತ್ತು.

2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. ನೀನಾಗ ಹೈಸ್ಕೂಲು, ಧ್ವಜ ಹಿಡಿದು ಕುಣಿದಿದ್ದೆ. ಯೋಚನೆ ಮಾಡು, ಇಡೀ ಊರಿನ ಬೋರ್ಡಿನ ಮೇಲೆ ಹೆಸರು ಬದಲಾಗಬೇಕು! ಹಳೆ ಕಾಲವಾಗಿದ್ದರೆ ನಮ್ಮಂಥವರಿಗೆ ಎರಡು ವರ್ಷ ಉಸಿರಾಡಲೂ ಪುರುಸೊತ್ತು ಇರುತ್ತಿರಲಿಲ್ಲ. ನಾನು ಬರೆದ ‘ಗುಲ್ಬರ್ಗ’ ತಗಡುಗಳನ್ನು ಇಳಿಸಿ ಅದೇ ಮೊಳೆಗೆ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಕೆಲವನ್ನು ಪ್ರಿಂಟ್ ತೆಗೆದವನು ನಾನೇ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದೆ ಅಂತ ಕೇಳಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಟ್ಟದಿಂದ ಕುಂಚದ ಡಬ್ಬಿ ಇಳಿಸಿದ್ದೆ. ಅಂಗಡಿಯ ಮೆಷಿನ್ ಒಂದು ದಿನವೂ ನಿಲ್ಲಲಿಲ್ಲ.

ಅಂಗಡಿಯಲ್ಲಿ ಆಮೇಲೆ ನನ್ನ ಕೂಲಿ ಏರಿತು. ಕಂಪ್ಯೂಟರ್ ಕಲಿತ ಹುಡುಗರು ಒತ್ತಕ್ಷರದ ಕಾಲು ಕೆಳಗಿನ ಸಾಲಿಗೆ ತಾಗಿಸುತ್ತಿದ್ದರು, ರಸ್ತೆಯ ಆ ಕಡೆಯಿಂದ ಓದಲು ಬರುತ್ತಿರಲಿಲ್ಲ. ಅದನ್ನು ಸರಿ ಮಾಡಲು ನಾನು ಬೇಕಾದೆ. ಆದರೆ ಇದನ್ನು ಹಿಡಿದುಕೊಂಡು ಯಾರಾದರೂ "ಕೈಯಲ್ಲಿ ಕಲೆ ಇದ್ದರೆ ಸೋಲಿಲ್ಲ" ಅಂತ ನಿನಗೆ ಹೇಳಿದರೆ ನಂಬಬೇಡ. ನನ್ನ ಜೊತೆ ಉಸ್ತಾದರ ಬಳಿ ಐದು ಜನ ಇದ್ದರು. ಇಬ್ಬರು ಆಟೋ ಓಡಿಸುತ್ತಾರೆ. ಒಬ್ಬ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ಹೊತ್ತ. ಅವನ ಕೈ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಅದಕ್ಕೇ, ನಿನ್ನ ಕೈಯಲ್ಲೇ ಏನೋ ಕೊರತೆ ಅಂತ ಅಳಬೇಡ. ನೀನೇ ಹೇಳಿದ್ದೆಯಲ್ಲ, ‘ಲೈಫ್ ಆಫ್ ಪೈ’ ಸಿನಿಮಾದ ಹುಲಿ ಮಾಡಿದ ರಿದಮ್ ಅಂಡ್ ಹ್ಯೂಸ್ ಕಂಪನಿ 2013ರಲ್ಲಿ ದಿವಾಳಿ ಅರ್ಜಿ ಹಾಕಿ ಎರಡು ವಾರವೂ ಆಗಿರಲಿಲ್ಲ, ಅದೇ ಕೆಲಸಕ್ಕೆ ಆಸ್ಕರ್ ಬಂತು ಅಂತ. ಹೈದರಾಬಾದಿನಲ್ಲೂ ಅವರ ಸ್ಟುಡಿಯೋ ಇತ್ತು ಅಂದಿದ್ದೆ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕಂಪನಿ ಪ್ಯಾರಿಸ್‌ನಲ್ಲಿ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೋಗೂ ಬೀಗ ಬಿತ್ತು, ನಿನ್ನ ರೂಮಿನ ಹುಡುಗಿ ಊರಿಗೆ ಹೋದಳು. ಅವರಿಗೆಲ್ಲ ಕೆಲಸ ಗೊತ್ತಿರಲಿಲ್ಲವೇ?

ನಿನ್ನನ್ನು ಒಂದೇ ಕೇಳುತ್ತೇನೆ, ಫೋನಿನಲ್ಲಿ ಬೇಡ, ಬರೆದು ಕಳಿಸು. ಬೇಸರ ಬಂದದ್ದು ಚಿತ್ರಕ್ಕೋ, ಆ ಸ್ಟುಡಿಯೋಗೋ? ನಾನು ಇವೆರಡನ್ನೂ ಕಲೆಸಿಕೊಂಡೆ. ಫ್ಲೆಕ್ಸ್ ಮೇಲಿನ ಸಿಟ್ಟಿಗೆ ಆರೇಳು ವರ್ಷ ಕುಂಚವನ್ನೇ ಮುಟ್ಟಲಿಲ್ಲ. ಮೆಷಿನ್ ನನ್ನ ಗಿರಾಕಿಗಳನ್ನು ಕಸಿದದ್ದು ಖರೆ. ಕುಂಚವನ್ನು ಕಸಿದದ್ದು ನಾನೇ. ಚಿತ್ರವೇ ಬೇಡ ಅನ್ನಿಸಿದ್ದರೆ ಅದನ್ನೂ ಬರೆ. ಒಂದು ಮಾತೂ ಆಡುವುದಿಲ್ಲ, ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ಸ್ಟುಡಿಯೋ ಬೇಡ ಅನ್ನಿಸಿದ್ದರೆ ಆರು ತಿಂಗಳ ಬಾಡಿಗೆ ನನ್ನದು. ಸಾಲ ಅಲ್ಲ, ಬಳೆಯೂ ಅಲ್ಲ, ಹೆದರಬೇಡ. ಫ್ಲೆಕ್ಸ್ ದುಡ್ಡೇ, ಕೂಡಿಟ್ಟದ್ದು. ಬೇರೆ ಕಡೆ ಕೇಳು. ಟೆಸ್ಟ್ ಅಂತ ಹೇಳಿ ಪುಕ್ಕಟೆ ವಾರಗಟ್ಟಲೆ ಕೆಲಸ ಮಾಡಿಸಿದರೆ ಎದ್ದು ಬಾ. ನಾನೂ "ಮೊದಲು ಒಂದು ಸ್ಯಾಂಪಲ್ ಬರೆದು ತೋರಿಸು" ಅನ್ನುವ ಗಿರಾಕಿಗಳಿಗೆ ಎಷ್ಟು ಗೋಡೆ ಬರೆದುಕೊಟ್ಟೆನೋ. ಎಐ ವಿಷಯ ನನಗೆ ತಿಳಿಯುವುದಿಲ್ಲ. ಆದರೆ ಬಣ್ಣ ಹಾರಲಿ ಅಂತ ಕಾಯುತ್ತ ಕೂರಬೇಡ, ಅದನ್ನು ಕೈಯಲ್ಲಿ ಹಿಡಿದು ನೋಡು. ಬೈಯುವುದಾದರೆ ನೋಡಿದ ಮೇಲೆ ಬೈ. ಮತ್ತೆ ಮಣಿಕಟ್ಟಿನ ನೋವಿಗೆ ಡಾಕ್ಟರ ಹತ್ತಿರ ಹೋಗು ಅಂದರೆ ಹೋಗಿಲ್ಲ, ಅದು ಬೇರೆ ಜಗಳ.

ಇಲ್ಲಿ ನಿನ್ನ ಮಾವಂದಿರು ಬಂದಾಗಲೆಲ್ಲ ಅದೇ ಪಲ್ಲವಿ. "ನಮ್ಮ ಭಾಗಕ್ಕ 371 ಜೆ ಮೀಸಲಾತಿ ಅದ, ಸರ್ಕಾರಿ ನೌಕರಿಗೆ ಎಫ್‌ಡಿಎ ಪರೀಕ್ಷೆ ಬರೀಲಿ, ಕಾರ್ಟೂನ್ ಮಾಡ್ಕೋತ ಎಷ್ಟ್ ದಿನ?" ಪರೀಕ್ಷೆ ಬರೆಯುವುದರಲ್ಲಿ ತಪ್ಪೇನಿಲ್ಲ, ನಿನಗೆ ಬೇಕಾದರೆ ಬರೆ. ಆದರೆ ಕಾರ್ಟೂನ್ ಅಂದಾಗ ಅವರು ನಗುವ ನಗೆ ನನಗೆ ಆಗುವುದಿಲ್ಲ. ಎಸ್.ಎಂ. ಪಂಡಿತರು ಇದೇ ಊರಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಕ್ಯಾಲೆಂಡರಿಗೆ ದೇವರ ಚಿತ್ರ ಬರೆದರು. ಅದನ್ನೂ ಆಗ ಬಜಾರಿನ ಕೆಲಸ ಅಂದವರು ಇದ್ದರು. ಈಗ ಅವರ ಹೆಸರಿನ ರಂಗಮಂದಿರದಲ್ಲೇ ನಿನ್ನ ಮಾವ ಕೂತು ಭಾಷಣ ಕೇಳುತ್ತಾನೆ. ಇದನ್ನು ಅವನ ಮುಖಕ್ಕೆ ಹೇಳಿದೆ. ನಿಮ್ಮವ್ವ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು.

ಒಂದು ಸುದ್ದಿ ಹೇಳುವುದು ಮರೆತೆ. ಓಣಿಯ ಗುಡಿಯವರು ಕಮಾನಿನ ಮೇಲೆ ಹೆಸರು ಬರೆದುಕೊಡು ಅಂದಿದ್ದಾರೆ, ಫ್ಲೆಕ್ಸ್ ಬೇಡವಂತೆ. ಹನ್ನೊಂದು ಅಕ್ಷರ. ನಿನ್ನೆ ದಾರ ಹಿಡಿದು ಗೆರೆ ಹೊಡೆದೆ, ಕೈ ಸ್ವಲ್ಪ ನಡುಗಿತು. ನಾಲ್ಕನೇ ಅಕ್ಷರಕ್ಕೂ ಐದನೇದಕ್ಕೂ ನಡುವೆ ಜಾಗ ಜಾಸ್ತಿ ಆಗಿದೆ ಅನ್ನಿಸುತ್ತಿದೆ. ಫೋಟೋ ಕಳಿಸುತ್ತೇನೆ, ಬಣ್ಣ ಹಾಕುವ ಮೊದಲು ನೋಡಿ ಹೇಳು. ಮಂಗಳವಾರದೊಳಗೆ ಹೇಳಿದರೆ ಆಯಿತು.

ಈ ಕಾಗದದ ಜೊತೆ ಶೇಂಗಾ ಹಿಂಡಿ ಡಬ್ಬಿ ಇದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವ ನಮ್ಮ ಓಣಿಯ ಹುಡುಗನ ಕೈಲಿ ಕಳಿಸಿದ್ದೇನೆ.

ನಿನ್ನ ಅಪ್ಪ